ಕನ್ನಡ ಬರದ ಕಪ್ಪು ಪಟ್ಟಿ

"ನಮಸ್ಕಾರ ಕೇದಾರ್ ಅವರೇ!"

ಅವನು ತಿರುಗಲಿಲ್ಲ.

ಬೆಂಗಳೂರಿನ ದೊಡ್ಡನೆಕ್ಕುಂದಿಯ ಆಫೀಸೊಂದರ ಮೀಟಿಂಗ್ ರೂಮಿನ ಬಾಗಿಲಲ್ಲೇ ಸುಪ್ರೀತಾ ನಿಂತುಬಿಟ್ಟಳು. ಒಂದು ಕಾಲಕ್ಕೆ ಅವಳೂ ಇಲ್ಲೇ ಕೆಲಸ ಮಾಡಿದವಳು. ಈಗ ಬೇರೆ ಕಂಪನಿ. ಇವತ್ತು ಡೆಮೊ ಕೊಡಲು ಬಂದರೆ ರೂಮಿನಲ್ಲಿ ಇವನೊಬ್ಬನೇ! ಬೆನ್ನು ಹಾಕಿ, ಕುಕ್ಕರಗಾಲಲ್ಲಿ ಕೂತು, ಮೂಲೆಯ ಪ್ಲಗ್ಗಿಗೆ ಏನೋ ಸಿಕ್ಕಿಸುತ್ತಿದ್ದಾನೆ.

ಎಂಟು ತಿಂಗಳ ಮೇಲೆ ಕಂಡ ಆ ಬೆನ್ನಿಗೇ ಎದೆ ಡವಡವ ಅಂದಿತು. ಥೂ, ಮಾನಗೆಟ್ಟ ಎದೆ!

"ಕೇದಾರ್ ಅವರೇ, ನಿಮ್ಮನ್ನೇ ಕರೀತಿರೋದು!"

ಊಹೂಂ.

ನೋಡಿ, ಸುಪ್ರೀತಾ ಜಗಳಗಂಟಿಯಲ್ಲ. ಆದರೆ ಎಂಟು ತಿಂಗಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆಗ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಕೇದಾರ್ ರಾಣೆಬೆನ್ನೂರಿನವನು. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಮೊದಲ ಸಲ ಬಜ್ಜಿ ಕೊಡಿಸಿದಾಗ, "ಇದಕ್ಕ ಮಿರ್ಚಿ ಅಂತೀರೇನ್ರೀ ಮೇಡಂ? ನಮ್ಮೂರಾಗ ಇದನ್ನ ಮಕ್ಕಳಿಗೆ ಕೊಡ್ತಾರ!" ಎಂದಿದ್ದ. ಕಣ್ಣಲ್ಲಿ ನೀರು ಸುರಿಸುತ್ತಲೇ ಅವಳು ನಕ್ಕಿದ್ದಳು. ಅವನ ಮಾತಿಗೇ ಅವಳು ಸೋತದ್ದು. ತಿಂಗಳೊಪ್ಪತ್ತಿನಲ್ಲಿ ನೀವು ಹೋಗಿ ನೀನು ಬಂತು.

ಆಮೇಲೆ ಏನಾಯಿತೋ... ಅವನು ಹೊರಗೆ ಸಿಗುವುದನ್ನೇ ಬಿಟ್ಟ. ಮನೆಯಿಂದಲೇ ಕೆಲಸ, ಬರೀ ವಿಡಿಯೊ ಕಾಲ್. ಅದೂ ಇಂಗ್ಲಿಷಿನಲ್ಲಿ! ಅವನ ಕಣ್ಣೂ ಅವಳ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ಕೆಳಗೆ, ಏನನ್ನೋ ಓದುವವನ ಹಾಗೆ ಆಡುತ್ತಿತ್ತು.

'ನಾನು ಮಾತಾಡ್ತಿದ್ರೆ ಇವನು ಮೇಲ್ ಓದ್ತಾನೆ...' ಅದನ್ನೂ ಅವಳು ನುಂಗಿಕೊಂಡಳು.

ಕೊನೆಗೊಂದು ಭಾನುವಾರ, ಸಿ.ವಿ. ರಾಮನ್ ನಗರದ ತಮ್ಮ ಮನೆಯ ಟೆರೇಸಿನಲ್ಲಿ ಕೂತು, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ವಿಡಿಯೊ ಕಾಲಿನಲ್ಲೇ ಹೇಳಿಯೇಬಿಟ್ಟಳು. "ನಂಗೆ ನೀನು ಬೇಕು ಕಣೋ. ನೀನಿಲ್ದೆ ಆಗಲ್ಲ. ಅಮ್ಮನ ಹತ್ರ ಮಾತಾಡ್ಲಾ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಸಾರಿ... ಕ್ಯಾನ್ ಯು ಸೇ ದಟ್ ಇನ್ ಇಂಗ್ಲಿಷ್?"

ಎದೆ ಬಿಚ್ಚಿಟ್ಟರೆ ಅನುವಾದ ಕೇಳುತ್ತಾನಾ! ಬೇಡ ಅನ್ನಬಹುದಿತ್ತಲ್ಲ!

ಅವತ್ತೇ ಅವನ ನಂಬರ್ ಬ್ಲಾಕ್ ಮಾಡಿದಳು. ಕೆಲಸವನ್ನೂ ಬಿಟ್ಟಳು. ಈ ಭಾನುವಾರ ಯಾರೋ ಹೆಣ್ಣು ನೋಡಲು ಬರುವವರಿದ್ದಾರೆ. ಇವನಲ್ಲದ ಮೇಲೆ ಯಾರಾದರೇನು ಎಂದು ಅಮ್ಮನಿಗೆ ಹೂಂ ಅಂದಿದ್ದಾಳೆ.

ಅಂಥವಳ ಮುಂದೆ ಆ ಬೆನ್ನು ಅಲುಗದೆ ಕೂತಿದೆ!

"ತಿರುಗಿ ಮುಖ ತೋರಿಸೋಕೂ ಆಗಲ್ವಾ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಪ್ರೀತಿ! ಭಾನುವಾರ ಯಾರೋ ಬರ್ತಿದ್ದಾರೆ, ಒಪ್ಕೋತೀನಿ, ನೆಮ್ಮದಿಯಾಗಿರು!" ಒಂದು ಹೆಜ್ಜೆ ಮುಂದಿಟ್ಟಳು. "ಓಹೋ, ನಿನಗೆ ಇಂಗ್ಲಿಷ್ ಬೇಕಲ್ವಾ? ಕೇಳು. ಆರ್ ಯು ಡೆಫ್?"

ಆಗ ಗೋಡೆಯ ಮೇಲೆ ಏನೋ ಹರಿದಾಡಿತು.

ಮೇಜಿನ ಮೇಲಿದ್ದ ಅವನ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರ್ ಚೆಲ್ಲಿದ ಬೆಳಕಿನಡಿ ಒಂದು ಕಪ್ಪು ಪಟ್ಟಿ. ಅದರ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಪದಗಳು. ಕೊನೆಯ ಸಾಲು ಮಾತ್ರ ಸ್ವಚ್ಛವಾಗಿತ್ತು. ಮೊಳದುದ್ದದ ಅಕ್ಷರಗಳಲ್ಲಿ ಅವಳದೇ ಪ್ರಶ್ನೆ.

ಕೇದಾರ್ ಎದ್ದ. ಗೋಡೆ ನೋಡಿದ, ಓದಿದ. ನಿಧಾನಕ್ಕೆ ಅವಳತ್ತ ತಿರುಗಿದ.

"ಹೌದು," ಅಂದ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಅವಳ ಕೈಯಿಂದ ಚೀಲ ಜಾರಿತು.

"ಕಂಪ್ಯೂಟರಿನಾಗ ಇರ್ತದ ಇದು," ಎಂದು ಪಟ್ಟಿ ತೋರಿಸಿದ. "ಆಡಿದ ಮಾತನ್ನ ಅಕ್ಷರ ಮಾಡಿ ತೋರಸ್ತದ. ಆದ್ರ ಇದಕ್ಕ ಕನ್ನಡ ಬರಂಗಿಲ್ಲ, ಸುಪ್ರೀ. ಕಿವಿಗೆ ಮಷಿನ್ ಹಾಕಿದ್ರ ಸದ್ದು ಕೇಳತದ. ಮಾತು ತಿಳಿಯಂಗಿಲ್ಲ."

'ಅಯ್ಯೋ ದೇವರೇ... ಅವತ್ತು ಇವನು ಓದ್ತಿದ್ದದ್ದು ನನ್ನ ಮಾತನ್ನೇ!'

"ವೈ ಡಿಡಂಟ್ ಯು ಟೆಲ್ ಮಿ?" ಅವಳು ಕಿರುಚಿದಳು. ಅದೂ ಗೋಡೆಯ ಮೇಲೆ ಮೂಡಿತು.

ಅವನು ಫೋನ್ ತೆಗೆದು ಅವಳ ಕೈಗಿಟ್ಟ. ಆ ಭಾನುವಾರದ ಮಾರನೇ ಬೆಳಗಿನ ಮೆಸೇಜು.

'ಸುಪ್ರೀ, ನನ್ನ ಕಿವಿ ಹೋಗಾಕತ್ತಾವ. ಆರು ತಿಂಗಳಿಂದ ಮುಚ್ಚಿಟ್ಟೆ, ತಪ್ಪಾತು. ನಿನ್ನೆ ನೀ ಏನೋ ಹೇಳಿದಿ, ನಿನ್ನ ಕಣ್ಣಾಗ ನೀರಿತ್ತು. ಏನಂದಿ? ಬರದು ಕಳಸ್ತೀಯಾ?'

ಅದರ ಪಕ್ಕದಲ್ಲಿ ಬೂದು ಬಣ್ಣದ ಒಂದೇ ಟಿಕ್. ಅವಳಿಗೆ ತಲುಪಿಯೇ ಇರಲಿಲ್ಲ.

ಬ್ಲಾಕ್ ಮಾಡಿದ್ದಳಲ್ಲ! ತಾನೇ, ಈ ಬೆರಳಲ್ಲೇ! ಅವನ ಕಿವಿ ಮುಚ್ಚಿದ್ದು ಕಾಯಿಲೆ, ತನ್ನದನ್ನು ಮುಚ್ಚಿಕೊಂಡವಳು ತಾನೇ. ಸುಪ್ರೀತಾ ಕುರ್ಚಿಯ ಮೇಲೆ ಕುಸಿದು ಅತ್ತಳು.

"ಅವ್ವ ಫೋನ್ ಮಾಡೂದನ್ನ ಬಿಟ್ಟಾಳ," ಅಂದ ಕೇದಾರ್. "ಮಗ ಬೆಂಗಳೂರಾಗ ಸಾಹೇಬ ಆಗ್ಯಾನ, ನನ್ನ ಮಾತು ಕೇಳಂಗಿಲ್ಲ ಅಂತಾಳಂತ. ಅಕಿಗೆ ಇನ್ನೂ ಹೇಳಿಲ್ಲ. ನೀನೂ ಹಂಗ ಹೋದಿ ಅನ್ಕೊಂಡೆ."

ಅವಳು ತನ್ನ ಫೋನಿನಲ್ಲಿ ಅಮ್ಮನಿಗೆ ಟೈಪ್ ಮಾಡಿದಳು. 'ಭಾನುವಾರ ಹೆಣ್ಣು ನೋಡೋಕೆ ಅವರು ಬರೋದು ಬೇಡಮ್ಮ. ಮನೆಗೆ ಬಂದು ಎಲ್ಲಾ ಹೇಳ್ತೀನಿ.' ಕಳಿಸಿ, ಅವನ ಮುಂದೆ ಹಿಡಿದಳು.

ಓದಿದವನ ಮುಖ ಬಿಗಿಯಿತು. "ನನ್ನ ನೋಡಿ ಪಾಪ ಅಂತನ?"

ಅವಳು ಮತ್ತೆ ಬರೆದಳು. 'ಪಾಪ ಅಲ್ಲ, ಸಿಟ್ಟು. ಆರು ತಿಂಗಳು ಮುಚ್ಚಿಟ್ಟಿದ್ದಕ್ಕೆ ಜೀವಮಾನ ಪೂರ್ತಿ ಬೈಬೇಕು ನಿನ್ನ.'

"ಬೈದ್ರ ನಂಗ ಕೇಳಂಗಿಲ್ಲಲ್ಲ."

'ಬರೆದು ಬೈತೀನಿ!'

ಅವನು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. "ಅವತ್ತು ಏನಂದಿ, ಸುಪ್ರೀ?"

ಅವಳು ಲ್ಯಾಪ್‌ಟಾಪಿನತ್ತ ಬಾಗಿದಳು. "ಐ ಲವ್ ಯು."

ಪಟ್ಟಿ ಒಂದಕ್ಷರವೂ ತಪ್ಪದೆ ಬರೆಯಿತು. ಅವನು ಗೋಡೆಯನ್ನೇ ನೋಡುತ್ತ ನಿಂತ. ಅವಳಿಗೆ ಮಾತ್ರ ಅದು ಸಾಲದೆನಿಸಿತು. ಡೆಮೊದ ಮೊದಲ ಸ್ಲೈಡಿನ ಹಾಗಿತ್ತು ಅದು. ಅವತ್ತಿನ 'ಕಣೋ' ಅದರಲ್ಲಿರಲಿಲ್ಲ. ತಾನು ಹೇಳಿದ್ದು ಅದಲ್ಲವೇ ಅಲ್ಲ!

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಗೋಡೆ ಖಾಲಿಯಾಯಿತು. ಅವನ ಎರಡೂ ಕೆನ್ನೆ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಳು.

"ನಂಗೆ ನೀನು ಬೇಕು ಕಣೋ... ನೀನಿಲ್ದೆ ಆಗಲ್ಲ."

ಅವನು ಅವಳ ತುಟಿಯನ್ನೇ ನೋಡಿದ. ಈ ಸಲ ಕಣ್ಣು ಕೆಳಗೆ ಜಾರಲಿಲ್ಲ.

ಅವಳು ತನ್ನ ಕಿವಿ ಮುಟ್ಟಿ ಕೇಳಿದಳು. "ಕೇಳಿಸ್ತಾ?"

"ಇಲ್ಲ," ಅಂದ ಕೇದಾರ್. ಅವನ ಕಣ್ಣು ತುಂಬಿತ್ತು. "ಇನ್ನೊಂದ್ಸಲ ಹೇಳು."