ಎಡಗಿವಿಯ ಎರಡನೆಯ ಕಚ್ಚು

ನನ್ನ ಬೆನ್ನ ಮೇಲೆ ಸತ್ತ ಹಸುವಿನ ತಲೆ. ಬೆನ್ನ ಹಿಂದೆ ಸಫಾರಿ ಲಾಡ್ಜಿನ ಲ್ಯಾಂಡ್‌ಕ್ರೂಸರ್!

ತಲೆ ಎರಡು ದಿನದ್ದು. ಪ್ಲಾಸ್ಟಿಕ್ ಸುತ್ತಿ ಗೋಣಿಚೀಲದಲ್ಲಿ ಕಟ್ಟಿ ಬೆನ್ನಿಗೆ ಬಿಗಿದಿದ್ದೆ. ವಾಸನೆಯ ವಿಚಾರ ಕೇಳಬೇಡಿ. ನೀವು ಊಟ ಮಾಡಿ ಕೂತಿದ್ದೀರೋ ಏನೋ...

ಢಂ!

ಬಲಗಡೆಯ ಹುತ್ತ ಸಿಡಿಯಿತು. ಹೆದರಿಸಲು ಹೊಡೆದ ಗುಂಡಲ್ಲ. ನನಗೇ ಹೊಡೆದದ್ದು, ತಪ್ಪಿತು ಅಷ್ಟೆ.

"ಸಿರೊಂಕಾ! ನಿಲ್ಸೋ ಬೈಕು! ನಿಲ್ಸಲೇ!"

ಬೆನ್ಸನ್ ದನಿ. ಲಾಡ್ಜಿನ 'ಸಮುದಾಯ ಸಂಪರ್ಕಾಧಿಕಾರಿ'. ನಮ್ಮವನೇ, ದನ ಕಾಯುವ ಮಾಸಾಯಿ ಜನದವನೇ. ಆರನೆಯ ವರ್ಷಕ್ಕೆ ನೈರೋಬಿಯ ಬೋರ್ಡಿಂಗ್ ಶಾಲೆ ಸೇರಿ, ಮೂವತ್ತಕ್ಕೆ ಟೈ ಕಟ್ಟಿಕೊಂಡು ವಾಪಸು ಬಂದವನು.

"ಮೊದ್ಲು ಗುರಿ ಇಡೋದು ಕಲಿಯೋ!" ಎಂದು ಕೂಗಿದೆ. "ನಮ್ಮಜ್ಜಿ ಕಲ್ಲೆಸೆದ್ರೂ ಇದಕ್ಕಿಂತ ಹತ್ರ ಬೀಳುತ್ತೆ!"

ಢಂ!

ಈ ಸಲ ಬೈಕಿನ ಕನ್ನಡಿ ಹೋಯಿತು. ಬಾಯಿ ಮುಚ್ಚಿಕೊಂಡೆ.

ಎದುರಿಗೆ ಒಣಹಳ್ಳ. ಅದರ ಅಂಚಿನಲ್ಲಿ ಜೀಬ್ರಾಗಳು ಇಳಿದು ಹತ್ತಿ ಮಾಡಿದ ಒಂದು ಜಾಡು, ಎರಡು ಅಡಿ ಅಗಲ. ಬೈಕಿಗೆ ಸಾಕು. ಕ್ರೂಸರಿಗೆ ಸಾಲದು! ಕಣ್ಣುಮುಚ್ಚಿ ಇಳಿಸಿದೆ. ಮೇಲೆ ಬ್ರೇಕ್ ಕಿರುಚಿತು. ಬೆನ್ಸನ್ ಬೈಗುಳ ಇಂಗ್ಲಿಷಿನಲ್ಲಿತ್ತು. ಬೈಯುವುದಕ್ಕೂ ತಾಯಿಭಾಷೆ ಉಳಿದಿರಲಿಲ್ಲ ಅವನಿಗೆ.

ಒಂದು ಹಸುವಿನ ತಲೆಗೆ ಇಷ್ಟೆಲ್ಲ ಯಾಕೆ ಅಂತೀರಾ?

ಎರಡು ದಿನದ ಹಿಂದೆ ಲೆಕಿಶೋನನ ದೊಡ್ಡಿಯ ಹತ್ತಿರ ಮೂರು ಸಿಂಹ ಸತ್ತು ಬಿದ್ದಿದ್ದವು. ಲೆಕಿಶೋನ್ ನನ್ನ ತಂಗಿಯ ಗಂಡ. ಸಿಂಹಗಳ ಪಕ್ಕ ಅರ್ಧ ತಿಂದ ಹಸು. ಮಾಂಸದ ತುಂಬ ವಿಷದ ಹರಳು. ಹಸುವಿನ ಎಡಗಿವಿಯಲ್ಲಿ ಕೊಯ್ದ ಎರಡು ಕಚ್ಚು. ಎರಡು ಕಚ್ಚು ಎಂದರೆ ಲೆಕಿಶೋನನ ಕುಲದ ಗುರುತು.

ಲಾಡ್ಜಿನ ಮ್ಯಾನೇಜರ್ ಡ್ರಮಂಡ್ ಅವನನ್ನು ಹಿಡಿಸಿ ಉಗ್ರಾಣದಲ್ಲಿ ಕೂಡಿಹಾಕಿದ. ಆಮೇಲೆ ನಮ್ಮ ಹಿರಿಯರ ಮುಂದೆ ಕೂತು ಜೇನಿನಂಥ ಮಾತಾಡಿದ. "ಸಿಂಹಕ್ಕೆ ವಿಷ ಹಾಕಿದ್ರೆ ಜೀವಮಾನ ಪೂರ್ತಿ ಜೈಲು. ಆದ್ರೆ ನಾವು ನೆರೆಹೊರೆ ಅಲ್ವಾ? ಒರತೆ ಬಿಟ್ಟುಕೊಡಿ. ಪೊಲೀಸರಿಗೆ ಹೇಳೋದಿಲ್ಲ."

ಒರತೆ! ಬೇಸಗೆಯಲ್ಲಿ ಮೂರು ಊರಿನ ದನ ಕುಡಿಯುವುದು ಆ ಒಂದೇ ನೀರು. ಅದರ ದಡದಲ್ಲಿ ಅವನಿಗೆ ಸ್ನಾನದ ತೊಟ್ಟಿ ಇರುವ ಡೇರೆಗಳು ಬೇಕಾಗಿದ್ದವು. ಮೂರು ವರ್ಷ ಕೇಳಿದ್ದ, ಮೂರು ವರ್ಷ ನಾವು ಇಲ್ಲ ಎಂದಿದ್ದೆವು. ಈಗ ಒಂದು ಕಡೆ ನಮ್ಮ ಮನುಷ್ಯ, ಇನ್ನೊಂದು ಕಡೆ ನಮ್ಮ ನೀರು. ಹಿರಿಯರು ಮನುಷ್ಯನನ್ನು ಆರಿಸಿಕೊಂಡರು. ಇವತ್ತು ಮಧ್ಯಾಹ್ನ ಹೆಬ್ಬೆಟ್ಟು ಒತ್ತಬೇಕಿತ್ತು.

ಡ್ರಮಂಡ್ ಹಿರಿಯರಿಗೆ ತೋರಿಸಿದ್ದು ಫೋಟೋ ಮಾತ್ರ. ಹೆಣವನ್ನು ಯಾರೂ ಮುಟ್ಟಬಾರದು, ವಿಷ, ಸುಡುತ್ತೇವೆ ಎಂದಿದ್ದ. ಅಲ್ಲೇ ನನಗೆ ಅನುಮಾನದ ಹುಳ ಹೊಕ್ಕಿತು. ಫೋಟೋ ನೋಡಿ ಹಸುವನ್ನು ಗುರುತಿಸುವ ಜನವೇ ನಾವು?

ಒಂಬತ್ತು ವರ್ಷ ಅದೇ ಲಾಡ್ಜಿನಲ್ಲಿ ರೇಂಜರ್ ಆಗಿದ್ದವನು ನಾನು. ಊರಿಗೆ ಲಾಡ್ಜು ಕಟ್ಟಿಸಿಕೊಟ್ಟಿತೆನ್ನುವ ಆಸ್ಪತ್ರೆಯ ಬೋರ್ಡಿದೆ, ಆಸ್ಪತ್ರೆ ಎಲ್ಲಿ ಎಂದು ಕೇಳಿದ್ದಕ್ಕೆ ಹೊರಗೆ ಹಾಕಿದರು. ಈಗ ಕಳೆದುಹೋದ ದನ ಹುಡುಕಿಕೊಡುತ್ತೇನೆ. ಓಡಿಹೋದ ಗಂಡಂದಿರನ್ನೂ. ದನ ಬೇಗ ಸಿಗುತ್ತವೆ. ಹಾಗಾಗಿ ಹೆಣ ಸುಡುವ ಗುಂಡಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆಯೇ ಹೋದೆ. ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಕಿವಿ ಹಿಡಿದು ನೋಡಿದೆ.

ಒಂದು ಕಚ್ಚು ಹಳೆಯದು. ಅಂಚಿಗೆ ಕೂದಲು ಬೆಳೆದಿತ್ತು.

ಎರಡನೆಯದು ಹಸಿ!

ಮಚ್ಚು ತೆಗೆದೆ. ಕಾವಲಿನವನು ನೋಡಿ ಸೀಟಿ ಊದಿದ. ಉಳಿದದ್ದು ನಿಮಗೆ ಗೊತ್ತು.

ಒಂದೇ ಕಚ್ಚಿನ ಕುಲ ಹಳ್ಳದಾಚೆಯದು. ಅಲ್ಲಿ ಎಲ್ಲರ ಹಸುಗಳನ್ನೂ ಬಲ್ಲವಳು ಮುದುಕಿ ನೂನ್‌ಕಿಶು. ಗುಡಿಸಲಿನ ಗೋಡೆಗೆ ಸಗಣಿ ಮೆತ್ತುತ್ತಿದ್ದಳು. ಚೀಲ ಬಿಚ್ಚಿದೆ. ಅವಳ ಕೈ ಗೋಡೆಯ ಮೇಲೇ ನಿಂತಿತು.

"ನನ್ನ ಸಾಂಪು..."

"ಮುಟ್ಟಬೇಡವ್ವಾ! ವಿಷ ಇದೆ. ಸರಿಯಾಗಿ ನೋಡು, ಸಾಂಪೂನೇನಾ?"

"ಹದಿನಾಲ್ಕು ವರ್ಷ ಹಾಲು ಕರೆದಿದ್ದೀನಿ, ನಂಗೆ ಹೇಳ್ತೀಯಾ? ಕೊಂಬು ನೋಡು. ಕತ್ತೆಕಿರುಬ ದೊಡ್ಡಿಗೆ ನುಗ್ಗಿದ ವರ್ಷ ಮುರೀತು."

"ಯಾರಿಗೆ ಕೊಟ್ಟೆ?"

"ಆ ಟೈ ಬೆನ್ಸನ್‌ಗೆ. ಲಾಡ್ಜಲ್ಲಿ ಯಾರದೋ ಮದುವೆ ಊಟ ಅಂದ. ಗೊಡ್ಡು ಬಿದ್ದಿತ್ತು, ದುಡ್ಡಿಗೆ ಕೊಟ್ಟೆ."

"ಕೊಡುವಾಗ ಕಿವೀಲಿ ಎಷ್ಟು ಕಚ್ಚಿತ್ತು?"

"ಒಂದು! ನಮ್ಮ ಕುಲಕ್ಕೆ ಒಂದೇ ಅಲ್ವೇನೋ ಮಂಕೇ!" ಎಂದವಳು ಬಗ್ಗಿ ಕಿವಿ ನೋಡಿದಳು. ಮತ್ತೆ ನೋಡಿದಳು. ಮುಖ ಕಲ್ಲಾಯಿತು.

"ಹತ್ತವ್ವಾ ಬೈಕು."

"ಎಲ್ಲಿ ಹಿಡ್ಕೊಳ್ಲಿ?"

"ನನ್ನ ಸೊಂಟ."

"ಥೂ! ಈ ವಯಸ್ಸಲ್ಲಿ!" ಎಂದಳು. ಹತ್ತಿದಳು.

ಹಿರಿಯರ ಮರದ ಕೆಳಗೆ ಬಿಳಿ ಕುರ್ಚಿಗಳ ಸಾಲು. ಇಪ್ಪತ್ತು ಮಂದಿ ವಿದೇಶಿ ಗೆಸ್ಟುಗಳು, ಟೋಪಿ, ಕ್ಯಾಮೆರಾ. ನಮ್ಮ ಶರಣಾಗತಿಯನ್ನೂ ಡ್ರಮಂಡ್ ಕಾರ್ಯಕ್ರಮಪಟ್ಟಿಗೆ ಸೇರಿಸಿದ್ದ! ಬೆಳಿಗ್ಗೆ ಆನೆ ದರ್ಶನ. ಮಧ್ಯಾಹ್ನ ರಾಜಿ ಸಮಾರಂಭ. ಆಮೇಲೆ ಊಟ. ಲೆಕಿಶೋನನ ಕೈಗಳನ್ನು ಹಿಂದಕ್ಕೆ ಕಟ್ಟಿ, ಹಗ್ಗ ಫೋಟೋದಲ್ಲಿ ಬೀಳದಂತೆ ಕೆಂಪು ಹೊದಿಕೆ ಹೊದಿಸಿದ್ದರು.



ಹಿರಿಯ ಓಲೆ ಕುಯೋನಿಯ ಹೆಬ್ಬೆಟ್ಟಿಗೆ ಆಗಲೇ ಮಸಿ ಹತ್ತಿತ್ತು. ಬೆನ್ಸನ್ ನಮಗಿಂತ ಮೊದಲೇ ಬಂದು ಕಾಯುತ್ತಿದ್ದ. ಅಡ್ಡ ನಿಂತ. ಕೈ ಕೋಟಿನೊಳಗೆ.

"ಚೀಲ ಕೊಡು. ಇಲ್ದಿದ್ರೆ..."

"ಹೊಡಿ. ಇಪ್ಪತ್ತು ಕ್ಯಾಮೆರಾ ಇದೆ. ಟೈ ಸರಿ ಮಾಡ್ಕೊಂಡು ಹೊಡಿ!"

ಅವನ ಕೈ ಹೊರಗೆ ಬರಲಿಲ್ಲ. ನಾನು ಮುಂದೆ ಹೋಗಿ ತಲೆಯನ್ನು ಮೇಜಿನ ಮೇಲೆ, ಆ ಕಾಗದಗಳ ಮೇಲೇ ಉರುಳಿಸಿದೆ.

ಗೆಸ್ಟುಗಳು ಕಿರುಚಿದರು. ಒಬ್ಬಳು ಮೂಗು ಮುಚ್ಚಿಕೊಂಡೇ ಫೋಟೋ ತೆಗೆದಳು.

"ಹುಚ್ಚ ಇವ್ನು! ಎಳ್ಕೊಂಡು ಹೋಗಿ!" ಡ್ರಮಂಡ್ ಅಬ್ಬರಿಸಿದ.

"ಇವತ್ತು ಮಾತು ನಂದಲ್ಲ," ಎಂದೆ. "ಈ ಅವ್ವಂದು."

ಹಿರಿಯರು ಮುಖ ಮುಖ ನೋಡಿಕೊಂಡರು. ನಮ್ಮ ಸಭೆಯಲ್ಲಿ ಕರಿ ದೊಣ್ಣೆ ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು. ಹೆಂಗಸಿನ ಕೈಗೆ ಆ ದೊಣ್ಣೆ ಹೋದದ್ದನ್ನು ನಾನು ಕಂಡಿಲ್ಲ. ಓಲೆ ಕುಯೋನಿ ಹಸುವಿನ ಕಿವಿಯನ್ನು ದಿಟ್ಟಿಸಿದ. ಎದ್ದ. ತನ್ನ ದೊಣ್ಣೆಯನ್ನು ನೂನ್‌ಕಿಶುಗೆ ಕೊಟ್ಟ.



ಅವಳು ದೊಣ್ಣೆ ಚಾಚಿದ್ದು ಬೆನ್ಸನ್ ಕಡೆಗೆ. "ಹಸೂಗೆ ಕಿವಿ ಯಾವಾಗ ಕೊಯ್ತಾರೆ ಮಗಾ?"

ಬೆನ್ಸನ್ ಟೈ ಸಡಿಲಿಸಿದ.

"ಕರುವಾಗಿದ್ದಾಗ. ಗಾಯ ಮಾಗುತ್ತೆ, ಅಂಚಿಗೆ ಕೂದ್ಲು ಬರುತ್ತೆ. ನಿಂಗ್ಯಾರೂ ಹೇಳ್ಕೊಡ್ಲಿಲ್ವಾ? ನನ್ನ ಸಾಂಪೂಗೆ ನಾನು ಕೊಯ್ದದ್ದು ಈ ಕಚ್ಚು. ನೀನು ಕೊಯ್ದದ್ದು ಇದು. ಒಂದು ಹನಿ ರಕ್ತ ಕಟ್ಟಿಲ್ಲ. ಸತ್ತ ಮೇಲೆ ಕೊಯ್ದಿದ್ದೀಯ!"

ಹಿರಿಯರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಕೊನೆಯವನು ಲೆಕಿಶೋನನ ಹೊದಿಕೆ ಎಳೆದು ಹಗ್ಗ ಕೊಯ್ದ.

ಮುಂದಿನ ಸಾಲಿನ ಗೆಸ್ಟ್ ಹೆಂಗಸು ಕೇಳಿದಳು. "ಅಜ್ಜಿ ಏನು ಹೇಳ್ತಿದಾರೆ?"

"ಹಳೇ ಪದ್ಧತಿ ಮೇಡಂ," ಡ್ರಮಂಡ್ ಹಲ್ಲು ಬಿಟ್ಟ. "ಆಶೀರ್ವಾದ."

"ಆಶೀರ್ವಾದವೇ," ಎಂದೆ, ಅವರ ಭಾಷೆಯಲ್ಲೇ. "ಈ ಹಸು ಕೊಂಡವರು ಇವರು. ವಿಷ ತುಂಬಿದವರು ಇವರು. ನೀವು ನೋಡೋಕೆ ಬಂದ ಸಿಂಹಗಳನ್ನ ಕೊಂದವರು ಇವರೇ, ಒಂದು ಒರತೆಗೋಸ್ಕರ. ಊಟಕ್ಕೆ ಇವರ ಜೊತೆ ಕೂರೋ ಮುಂಚೆ ಯೋಚ್ನೆ ಮಾಡಿ."

ಇಪ್ಪತ್ತು ಕ್ಯಾಮೆರಾಗಳೂ ಡ್ರಮಂಡನತ್ತ ತಿರುಗಿದವು. ಅವನ ಮುಖ ಸುಟ್ಟ ಬದನೆಕಾಯಿ.

"ಮೂರ್ಖರಾ! ನಾನು ಬಾಗಿಲು ಮುಚ್ಚಿದ್ರೆ ನಿಮ್ಗೆ ಕೆಲಸ ಯಾರು ಕೊಡ್ತಾರೆ? ನಿಮ್ಮನ್ನ ಸಾಕ್ತಿರೋನು ನಾನು!"

ಓಲೆ ಕುಯೋನಿ ನಿಧಾನಕ್ಕೆ ಅವನೆದುರು ನಿಂತ. "ನೆಲ ನಮ್ದು. ದುಡಿಯೋರು ನಾವು. ಸಿಂಹದ ಜೊತೆ ಹುಟ್ಟಿ ಸಾಯೋರು ನಾವು. ನೀನು ತಂದದ್ದು ಈ ಕುರ್ಚಿಗಳು. ತಗೊಂಡು ಹೋಗಪ್ಪಾ."

ಆಮೇಲೆ ಹೆಬ್ಬೆಟ್ಟು ಒತ್ತಿದ. ಡ್ರಮಂಡನ ಬಿಳಿ ಅಂಗಿಯ ಎದೆಯ ಮೇಲೆ.

ಸಂಜೆಯ ವಿಮಾನಕ್ಕೆ ಡ್ರಮಂಡ್ ಹೋದ. ಬೆನ್ಸನ್ ಟೈ ಬಿಚ್ಚಿಟ್ಟು ಎಲ್ಲೋ ಮಾಯವಾದ. ಸರ್ಕಾರದ ವಿಚಾರಣೆ ನಡೆಯುತ್ತಿದೆಯಂತೆ. ನಡೆಯಲಿ, ಅದಕ್ಕೂ ಕಾಲಿದ್ದರೆ!

ಮರುದಿನ ಬೆಳಿಗ್ಗೆ ಲೆಕಿಶೋನನ ಜೊತೆ ದನ ಹೊಡೆದುಕೊಂಡು ಒರತೆಗೆ ಹೋದೆ. ನಮಗಿಂತ ಮೊದಲೇ ಒಂದು ಹೆಣ್ಣುಸಿಂಹ ನೀರಿಗೆ ಬಾಯಿಟ್ಟಿತ್ತು. ಒಂಟಿ. ಅದರ ಗುಂಪಿನಲ್ಲಿ ಉಳಿದದ್ದು ಅದೊಂದೇ. ದನಗಳನ್ನು ತಡೆದು ದೂರ ನಿಂತೆವು. ಕುಡಿಯಿತು. ನಮ್ಮನ್ನೊಮ್ಮೆ ನೋಡಿತು. ಪೊದೆಗೆ ನುಗ್ಗಿ ಹೋಯಿತು.

ಕಾಡಿನ ಪ್ರಾಣಿ ನೋಡಿ... ಯಾವ ಕಾಗದಕ್ಕೂ ರುಜು ಕೇಳಲಿಲ್ಲ.