ಹಿತ್ತಲ ಬಾಗಿಲಿನ ಚಿಲಕ

“ಏನರ ಮಾಡ್ಕೊ ತಮ್ಮಾ, ಅಮಾಸಿ ಸಂಜಿಗೆ ಮಾತ್ರ ಹಿತ್ತಲ ಬಾಗ್ಲು ಹಾಕಬ್ಯಾಡ,” ಎಂದಳು ಓಬವ್ವ, ಬೀಗದ ಕೈ ಕೊಡುತ್ತ. “ಮುಂದಿಂದು, ಹಿಂದಿಂದು ಎಲ್ಡೂ ತೆಗ್ದಿಟ್ಟು ಗಂಡ ಹೆಂಡ್ತಿ ಒಂದು ಮಗ್ಗಲಿಗೆ ಕುಂತ್ಕಳ್ರಿ. ಅಡವಪ್ಪ ದಾಟಿ ಹೋಗ್ತಾನ. ಆಮ್ಯಾಲೆ ಬೇಕಾರ ಹಾಕ್ಕಳ್ರಿ.”

“ಯಾರಜ್ಜಿ ಅಡವಪ್ಪ? ಬಾಡಿಗೆ ಮಾತಾಡುವಾಗ ಅವರ ಸುದ್ದಿನೇ ಬರಲಿಲ್ಲವಲ್ಲ!” ಅಂಜನಕುಮಾರ ನಕ್ಕ.

ಓಬವ್ವ ನಗಲಿಲ್ಲ. “ಬ್ಯಾಟಿ ದೇವ್ರು. ಗುಡ್ಡದ ಕಡಿಂದ ಮಿಗ ಬೆನ್ನಟ್ಟಿ ಹೊಳಿಗೆ ಹೋಗ್ತಾನ. ಈ ಸಾಲಿನ ಮನಿ ಎಲ್ಲ ಅವನ ದಾರಿ ಮ್ಯಾಲೇ ಕಟ್ಟಿದ್ದು. ಅವನಿಗೆ ಅಡ್ಡ ನಿಂತ್ರ ಬಿಡಂಗಿಲ್ಲ.”

ಹರಿಹರದ ಆ ತುದಿಯಲ್ಲಿ ಊರು ಮುಗಿಯುವುದೇ ಓಬವ್ವನ ಮನೆಗಳ ಸಾಲಿಗೆ. ಆಚೆಗೆ ಜಾಲಿ ಮುಳ್ಳು, ಲಂಟಾನ, ಖಾಲಿ ಸೈಟುಗಳು, ಅದರಾಚೆ ಹೊಳೆ. ಸಾಲಿನ ಪ್ರತಿ ಮನೆಗೂ ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ನೇರ ಕಾಣುತ್ತಿತ್ತು. ಗಾಳಿ ಆಡಲಿ ಎಂದು ಹಾಗೆ ಕಟ್ಟಿಸಿದ್ದಾರೆ ಎಂದುಕೊಂಡಿದ್ದ ತುಮಕೂರಿನಿಂದ ಬಂದ ಅಂಜನಕುಮಾರ.

ಆಗಲೇ ಓಬವ್ವನ ಗಂಡ ಹುಲಿಯಪ್ಪ ಅಂಗಳ ದಾಟಿ ಹೋದ. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ತಿರುಗಿ ಬಂದ. ಮುದುಕ ದಿನವಿಡೀ ನಡೆಯುತ್ತಿದ್ದ. ಬೀದಿಯ ಹುಡುಗರು ಅವನಿಗೆ ವಾಕಿಂಗ್ ತಾತ ಎಂದೇ ಹೆಸರಿಟ್ಟಿದ್ದರು. ಓಬವ್ವ ರೊಟ್ಟಿ ಮುರಿದುಕೊಂಡು ಅವನ ಜೊತೆ ಜೊತೆಗೇ ಹೆಜ್ಜೆ ಹಾಕುತ್ತ ಬಾಯಿಗಿಡುತ್ತಿದ್ದಳು. ನಿದ್ದೆ ಬಂದರೆ ಅವನು ಗೋಡೆಗೆ ಹಣೆ ಕೊಟ್ಟು ನಿಂತಲ್ಲೇ ತೂಕಡಿಸುತ್ತಿದ್ದ, ಆಗಲೂ ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದ.

“ಶುಗರ್ ಇಳಿಸೋದನ್ನ ನಿಮ್ಮ ಯಜಮಾನರನ್ನ ನೋಡಿ ಕಲೀಬೇಕು ನೋಡಿ,” ಎಂದ ಅಂಜನಕುಮಾರ.

ಓಬವ್ವನ ಮುಖ ಕಪ್ಪಿಟ್ಟಿತು. ಸೆರಗು ಕೊಡವಿ ಒಳಗೆ ಹೋದಳು.

ಪಾಪ, ಅವನದೇನೂ ಕೆಟ್ಟ ಮನಸ್ಸಲ್ಲ. ದಣಿದ ಮನುಷ್ಯನಿಗೆ ಇನ್ನೊಬ್ಬರ ದಣಿವು ಕಾಣುವುದಿಲ್ಲ, ಅಷ್ಟೇ. ಅವನು ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್. ಬೆಳಗಾದರೆ ಬೈಕು ಹತ್ತಿ ದಾವಣಗೆರೆಗೆ ಹೋಗಬೇಕು. ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕುಗಳಲ್ಲಿ ಬ್ಯಾಗು ಹಿಡಿದು ಗೋಡೆಗಂಟಿ ನಿಲ್ಲಬೇಕು. ಕುರ್ಚಿಗಳೆಲ್ಲ ರೋಗಿಗಳಿಗೆ. ಡಾಕ್ಟರು ಕರೆದರೂ ನಿಂತೇ ಮಾತು. ಇಷ್ಟು ವರ್ಷ ನಿಂತೂ ನಿಂತೂ ಅವನ ಆಸೆಯೆಲ್ಲ ಒಂದಕ್ಕೆ ಇಳಿದಿತ್ತು: ಮನೆಗೆ ಬಂದು, ಬೂಟು ಕಳಚಿ, ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು. ಕೂತ ತಕ್ಷಣ ‘ಉಸ್ಸಪ್ಪಾ’ ಎನ್ನುವುದು.

ಅದರ ಮೇಲೆ ಮೀನಾಕ್ಷಿಯ ಕಾಲು. ಈ ಮನೆಗೆ ಬಂದ ವಾರದಲ್ಲೇ ಸ್ಕೂಟಿ ಜಾರಿ ಬಿದ್ದು ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಡತಿಗೆ ಬಚ್ಚಲು ಹತ್ತಿರವಿರಲಿ ಎಂದು ನಡುಮನೆಯಲ್ಲೇ ಮಂಚ ಹಾಕಿದ್ದ. ಸ್ಟೀಲಿನ ಬೀರುವಿಗೆ ಬೇರೆ ಗೋಡೆ ಸಿಗದೆ ಹಿತ್ತಲ ಬಾಗಿಲಿಗೇ ಒತ್ತಿ ನಿಲ್ಲಿಸಿದ್ದ. ಬಾಗಿಲಿಗೆ ಚಿಲಕವೂ ಬಿತ್ತು.

ಬೀರು ನಿಲ್ಲಿಸುವ ಮುಂಚೆ ಬಾಗಿಲ ಮೇಲೆ ಒಂದು ಗಂಟು ಕಂಡಿತ್ತು. ಹಳೆಯ ಬೇಟೆ ಬಲೆಯ ತುಂಡು, ಅದಕ್ಕೆ ಕಟ್ಟಿದ ಕಂಚಿನ ಗೆಜ್ಜೆ, ಮೇಲೆ ಒಣಗಿದ ಕುಂಕುಮ.

“ರೀ, ಯಾರೋ ಮಾಟ ಮಾಡ್ಸಿದಾರೆ,” ಎಂದಳು ಮೀನಾಕ್ಷಿ. “ಅದಕ್ಕೇ ನನ್ನ ಕಾಲು ಹೀಗಾಗಿರೋದು.”

“ನಿನ್ನ ಕಾಲು ಮುರಿದಿದ್ದು ರಸ್ತೆ ಗುಂಡಿಯಿಂದ ಕಣೇ,” ಎನ್ನುತ್ತ ಅವನು ಗಂಟನ್ನು ಕಿತ್ತು ಹಿತ್ತಲಿಗಿಳಿದು ಲಂಟಾನದ ಪೊದೆಗೆ ಎಸೆದ. ಪಕ್ಕದ ಮನೆಯ ರಹಮತ್ ಬೀ ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿದ್ದ ಬಟ್ಟೆ ಬಿಟ್ಟಳು.

“ಯಾ ಅಲ್ಲಾ! ಅಣ್ಣಾ, ಅದು ಮಾಟ ಅಲ್ರಿ, ಕಾವಲು. ನಮ್ಮನ್ಯಾಗೂ ಐತೆ. ಅಮಾಸಿಗೆ ನಾವೂ ಬಾಗ್ಲು ತೆಗ್ದೇ ಇಡ್ತೀವಿ.”

“ನೀವೂ ಅಡವಪ್ಪನನ್ನ ನಂಬ್ತೀರಾ?”

“ನಂಬೋದು ಬಿಡೋದು ಆಮ್ಯಾಲಿನ ಮಾತು. ಅವ್ನ ದಾರ್‍ಯಾಗ ಮನಿ ಮಾಡೀವಲ್ರಿ, ದಾರಿ ಬಿಡಬೇಕಲ್ಲ?”

ಬಂದದ್ದು ಮಹಾನವಮಿ ಅಮಾವಾಸ್ಯೆ. ಅಂದು ಒಬ್ಬ ಡಾಕ್ಟರು ಮಧ್ಯಾಹ್ನವೆಲ್ಲ ನಿಲ್ಲಿಸಿಕೊಂಡು ಕೊನೆಗೆ ‘ನಾಳೆ ಬನ್ನಿ’ ಎಂದಿದ್ದರು. ಅಂಜನಕುಮಾರ ಮನೆ ಮುಟ್ಟಿದಾಗ ಮುಸ್ಸಂಜೆ. ಸಾಲಿನ ಮನೆಗಳೆಲ್ಲ ಬಾಗಿಲು ತೆರೆದು, ದೀಪ ಆರಿಸಿ ಕೂತಿದ್ದವು. ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಹುಲಿಯಪ್ಪ ಮಾತ್ರ ನಡೆಯುತ್ತಿದ್ದ, ಎಂದಿಗಿಂತ ಜೋರಾಗಿ, ಹೆಚ್ಚುಕಡಿಮೆ ಓಡುತ್ತ. ಇವನನ್ನು ಕಂಡು ಮೊದಲ ಸಲ ಬಾಯಿ ಬಿಟ್ಟ.

“ಚಿಲ್ಕ ತೆಗಿಯೋ. ನಾನೂ ಕಳ್ರ ಹೆದ್ರಿಕಿಗೆ ಹಾಕಿದ್ದೆ.”

“ಆಯ್ತು ತಾತ, ಆಯ್ತು,” ಎಂದು ಅಂಜನಕುಮಾರ ಒಳಗೆ ಬಂದ. ಬೀರು ಸರಿಸುವ ತ್ರಾಣ ಯಾರಿಗಿದೆ? ಮುಂಬಾಗಿಲು ಹಾಕುವುದಕ್ಕೂ ಬೇಸರ. ಬ್ಯಾಗು ಇಟ್ಟು ಬೂಟಿನ ದಾರಕ್ಕೆ ಬಗ್ಗಿದ.

ಆಗ ವಾಸನೆ ಬಂತು. ಹಸಿ ತೊಗಲು. ಜಜ್ಜಿದ ತುಂಬೆ ಸೊಪ್ಪು. ಮೊದಲ ಮಳೆ ಬಿದ್ದ ಮಣ್ಣು, ಅದರ ಜೊತೆ ರಕ್ತ. ಕರೆಂಟು ಹೋಯಿತು. ದೂರದಲ್ಲಿ ಗೆಜ್ಜೆ. ನೂರಾರು ಗೆಜ್ಜೆ. “ಹೋ… ಹೋ…” ಎಂದು ಯಾರೋ ಮಿಗ ಸೋವಿ ಓಡಿಸುವ ಕೂಗು.

ಬಾಗಿಲಿಂದ ಒಂದು ಚಿಗರಿ ಜಿಂಕೆ ನುಗ್ಗಿತು.

ಅವನ ಪಕ್ಕದಿಂದಲೇ ಹಾರಿತು. ಹಿತ್ತಲ ಬಾಗಿಲ ಕಡೆಗೆ ಓಡಿ ಬೀರುವಿಗೆ ದಡಾರನೆ ಬಡಿಯಿತು. ಬಿತ್ತು. ಎದ್ದಿತು. ಮತ್ತೆ ಬಡಿಯಿತು. ದಾರಿಯಿಲ್ಲ. ತಿರುಗಿ ಮಂಚದ ಕಡೆ ನೋಡಿತು. ಮೀನಾಕ್ಷಿ ಕಿರುಚಲು ಬಾಯಿ ತೆರೆದಳು. ಮರುಕ್ಷಣ ಚಿಗರಿ ಅಲ್ಲಿರಲಿಲ್ಲ.

“ಮೀನಾ?”

ಅವಳು ತಲೆ ಎತ್ತಿದಳು. ಮೂಗು ಅರಳಿಸಿ ಗಾಳಿ ಮೂಸಿದಳು. ಕಣ್ಣು ಅಗಲವಾಗಿದ್ದವು, ಬಿಳಿಯೇ ಇಲ್ಲದಷ್ಟು ಕಪ್ಪು. ಕುತ್ತಿಗೆಯ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಓಡಲೆಂದು ಪ್ಲಾಸ್ಟರಿನ ಕಾಲನ್ನೇ ನೆಲಕ್ಕೆ ಊರಿದಳು. ಒಳಗೆ ಲಟಕ್ಕೆಂದಿತು. ಆದರೂ ಊರಿದಳು.

ಬಾಗಿಲು ತುಂಬ ನಾಯಿಗಳ ಏದುಸಿರು. ನಾಯಿಗಳು ಕಾಣಲಿಲ್ಲ. ಅವುಗಳ ಹಿಂದೆ ಬಗ್ಗಿ ಒಳಗೆ ಬಂದವನು ಕಂಡ. ತಲೆ ಸೂರು ಮುಟ್ಟಿತು. ಮೈತುಂಬ ಬಳ್ಳಿ, ಬಳ್ಳಿಯ ನಡುವೆ ಹಂದಿಯ ಮುಳ್ಳುಕೂದಲು. ಕೈಯಲ್ಲಿ ಆಯುಧವಿಲ್ಲ. ಅವಸರವೂ ಇಲ್ಲ. ಮುಖ ಇರಬೇಕಾದ ಕಡೆ ಬರೀ ಕತ್ತಲು. ಆ ಕತ್ತಲು ಮೀನಾಕ್ಷಿಯ ಕಡೆ ತಿರುಗಿತು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಗಿತ್ತು. ಅಂಜನಕುಮಾರ ಬೀರುವಿಗೆ ಹೆಗಲು ಕೊಟ್ಟ. ಅಲುಗಲಿಲ್ಲ. ಮತ್ತೆ ಕೊಟ್ಟ. ಕಾಲು ಜಾರಿತು. ಅಂಗೈ ಹರಿಯಿತು. ಹಿಂದೆ ಮೀನಾಕ್ಷಿ ಚಿಗರಿಯ ಹಾಗೆ ಸಣ್ಣಗೆ ಒದರಿದಳು. “ಅಯ್ಯೋ ತಂದೇ, ತಪ್ಪಾಯ್ತು, ಅವಳನ್ನ ಬಿಡು!” ಎಂದು ಕೂಗುತ್ತ ಇದ್ದಬದ್ದ ಬಲವೆಲ್ಲ ಹಾಕಿ ನೂಕಿದ. ಬೀರು ವಾಲಿತು. ಉರುಳಿತು. ಚಿಲಕ. ತುಕ್ಕು ಹಿಡಿದ ಚಿಲಕ. ಎಳೆದ. ಎಳೆದ. ಬಾಗಿಲು ತೆರೆಯಿತು.

ತಣ್ಣನೆ ಹೊಳೆಗಾಳಿ ಬೀಸಿತು. ಮೀನಾಕ್ಷಿಯ ಮೈಯಿಂದ ಏನೋ ಕಿತ್ತುಕೊಂಡು ಹೊರಟು ಹಿತ್ತಲಿಗೆ ನೆಗೆಯಿತು. ಅವಳು ಮಂಚಕ್ಕೆ ಬಿದ್ದು “ರೀ, ಕಾಲು!” ಎಂದು ಅತ್ತಳು. ಮನುಷ್ಯರ ದನಿಯಲ್ಲೇ ಅತ್ತಳು. ಗೆಜ್ಜೆ, ಏದುಸಿರು ಅವನನ್ನು ಸವರಿಕೊಂಡು ಹೊರಗೆ ಹರಿದವು.

ಕೊನೆಗೆ ಬಂದವನು ಅವನ ಬಳಿ ನಿಂತ. ಬೇಟೆ ತಡವಾಗಿತ್ತು. ಬಗ್ಗಿ ಅವನ ಎರಡೂ ಮಂಡಿಗಳ ಮೇಲೆ ಕೈಯಿಟ್ಟ. ರೈತ ಸಂತೆಯಲ್ಲಿ ಎತ್ತಿನ ಕಾಲು ತಡವಿ ನೋಡುವುದು ಹೀಗೆಯೇ. ಬಿಸಿಯಾದ ಕೈ. ಆಮೇಲೆ ಬಾಗಿಲು ದಾಟಿ ಹೊಳೆಯ ಕಡೆ ಹೋದ.

ಕರೆಂಟು ಬಂತು. ಅಂಜನಕುಮಾರ ಹೆಂಡತಿಯ ತಲೆ ಸವರಿದ, ನೀರು ಕುಡಿಸಿದ, ಆಂಬುಲೆನ್ಸಿಗೆ ಫೋನು ಮಾಡಿದ. ಅವಳು ಬದುಕಿದ್ದಳು, ಅವಳೇ ಆಗಿದ್ದಳು. ಅಷ್ಟು ಸಾಕು ಎಂದುಕೊಂಡು ನೀಲಿ ಕುರ್ಚಿಯ ಬಳಿ ಬಂದ.

ಮಂಡಿ ಮಡಚಲಿಲ್ಲ. ಕುರ್ಚಿಯ ಕೈ ಹಿಡಿದು ಬಲವಂತವಾಗಿ ಕೂರಲು ಹೋದ. ಕಾಲು ಅವನ ಮಾತು ಕೇಳದೆ ಬಾಗಿಲ ಕಡೆ ಹೊರಟವು.

ಹೊರಗೆ ಹುಲಿಯಪ್ಪ ಜಗಲಿಯ ಮೇಲೆ ಕೂತಿದ್ದ. ಕಾಲು ಚಾಚಿ, ಗೋಡೆಗೆ ಒರಗಿ ಕೂತಿದ್ದ. “ಉಸ್ಸಪ್ಪಾ,” ಎಂದ. ಕಣ್ಣು ಮುಚ್ಚಿದ. ಆ ಕಣ್ಣು ಮತ್ತೆ ತೆರೆಯಲಿಲ್ಲ.

ಓಬವ್ವ ಗಂಡನ ಪಾದ ಹಿಡಿದುಕೊಂಡು ಅತ್ತಳು. ಅತ್ತು ಮುಗಿಸಿ, ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ ಅಂಜನಕುಮಾರನನ್ನು ನೋಡಿ ಕೈ ಮುಗಿದಳು.

“ನಾ ಹೇಳಿದ್ನಲ್ಲೋ ತಮ್ಮಾ. ಮನಸಿಟ್ಟೇ ಹೇಳಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಸುಳ್ಳ್ಯಾಕ ಹೇಳ್ಲಿ, ನೀ ನಕ್ಕಾಗ ಒಂದು ಗಳಿಗಿ, ನೀ ಕೇಳದಿದ್ರ ಚಲೋ, ನಮ್ಮ ಮುದುಕ ಕುಂತಾನು ಅನಿಸ್ತು.”

ಮೀನಾಕ್ಷಿಯ ಕಾಲು ನಿಧಾನಕ್ಕೆ ಕೂಡಿಕೊಂಡಿತು. ಸ್ವಲ್ಪ ಕುಂಟುತ್ತ ನಡೆದರೂ ಅವಳಿಗೆ ಕೂರಲು ಬರುತ್ತದೆ. ಅಂಜನಕುಮಾರನ ಕೆಲಸ ಹೋಯಿತು. ಡಾಕ್ಟರ ಮುಂದೆ ನಿಲ್ಲುವುದಕ್ಕೂ ಆಗದ ರೆಪ್ರೆಸೆಂಟೇಟಿವನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಅವನ ಹಿಂದೆಯೇ ತಟ್ಟೆ ಹಿಡಿದು ಹೋಗಿ ಅವಳು ಬಾಯಿಗೆ ತುತ್ತಿಡುತ್ತಾಳೆ. ಅವಳಿಗೂ ಸಾಕಾಗಿದೆ.

ಮೊನ್ನೆ ಸಾಲಿನ ಕೊನೆಯ ಮನೆಗೆ ಹೊಸ ಬಾಡಿಗೆಯವರು ಬಂದರು. ಎಳೆಯ ಗಂಡ ಹೆಂಡತಿ. ಮೀನಾಕ್ಷಿ ಹೋಗಿ ಮಾತಾಡಿಸಿ ಬಂದಳು.

“ಬಾಗಿಲಿನ ವಿಷಯ ಹೇಳಿದೆಯಾ?” ನಡೆಯುತ್ತಲೇ ಕೇಳಿದ ಅಂಜನಕುಮಾರ.

“ಹೇಳಿದೆ.”

“ಏನಂದರು?”

“ನಕ್ಕರು.”

ಇನ್ನೊಮ್ಮೆ ಹೋಗಿ ಹೇಳಿ ಬಾ ಎನ್ನಬೇಕಿತ್ತು. ಅವನು ಎನ್ನಲಿಲ್ಲ. ಅವಳೂ ಎದ್ದು ಹೋಗಲಿಲ್ಲ. ಅಂಜನಕುಮಾರನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಅಂಗಳದ ತುದಿಗೆ ಹೋಗಿ ತಿರುಗುವಾಗ ಆ ನೀಲಿ ಕುರ್ಚಿಯ ಕಡೆ ಒಮ್ಮೆ ನೋಡಿದ. ಮೀನಾಕ್ಷಿ ಅದರ ಧೂಳು ಒರೆಸುತ್ತಿದ್ದಳು.