ಎರಡು ಪ್ರೊಸೆಸರ್, ಒಂದು ತುಂಡು ಮಲ್ಲಿಗೆ

"ಮುಟ್ಟಬೇಡಿ!!"

ಭವ್ಯಶ್ರೀ ಕಿರುಚಿದ ರಭಸಕ್ಕೆ ಆ ಯುವಕನ ಕೈ ಸ್ವಿಚ್ಚಿನಿಂದ ಒಂದಿಂಚು ದೂರದಲ್ಲೇ ನಿಂತುಬಿಟ್ಟಿತು.

"ತೊಂಬತ್ತಾರು ಪರ್ಸೆಂಟ್ ಆಗಿದೆ! ಬೆಳಿಗ್ಗೆಯಿಂದ ಕಾಯ್ತಾ ಇದ್ದೇನೆ. ಈಗ ಆಫ್ ಮಾಡಿದರೆ ಕಾರ್ಕಳದ ಮದುಮಗಳು ಮೊದಲಿನಿಂದ ಧಾರೆಗೆ ನಿಲ್ಲಬೇಕು, ಗೊತ್ತುಂಟಾ?"

"ಪಾಪ, ಅವರನ್ನು ಇನ್ನೊಮ್ಮೆ ನಿಲ್ಲಿಸುವುದು ಬೇಡ" ಎಂದ ಅವನು. ಕೈ ಮಾತ್ರ ಹಾಗೇ ಗಾಳಿಯಲ್ಲಿತ್ತು. "ಈಗ ಕೈ ತೆಗೆಯಬಹುದಾ ಮೇಡಂ?"

ಭವ್ಯಾಳಿಗೆ ಸಿಟ್ಟಿನ ನಡುವೆಯೇ ನಗು ಬಂದುಬಿಟ್ಟಿತು. ಅದನ್ನು ಅಡಗಿಸಲು ಅವಳು ಪರದೆಯ ಕಡೆ ತಿರುಗಿ ಕುಳಿತಳು.

ಅದು ಎರಡು ಸಾವಿರದ ಒಂದನೇ ಇಸವಿಯ ಡಿಸೆಂಬರ್. ಉಡುಪಿಯ ಸರ್ವೋತ್ತಮಣ್ಣನ ಸ್ಟುಡಿಯೊದಲ್ಲಿ ಮದುವೆ ಕ್ಯಾಸೆಟ್‌ಗಳ ಮಿಕ್ಸಿಂಗ್ ಭವ್ಯಾಳದ್ದು. ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಹೆಸರು ಹಾಡು ಹಾಕಿ ಬಟನ್ ಒತ್ತಿದರೆ ಮುಗಿಯಿತು. ಆಮೇಲೆ ಕಂಪ್ಯೂಟರಿನ ಮುಖ ನೋಡುತ್ತ ಕೂರಬೇಕು! ಕಾಪುವಿನ ಹತ್ತಿರದ ಶಂಕರಪುರದಿಂದ ದಿನವೂ ಬಸ್ಸಿನಲ್ಲಿ ಬರುವ ಅವಳು, ಎಷ್ಟೋ ಸಂಜೆ ಆ ಮುದಿ ಯಂತ್ರದಿಂದಾಗಿಯೇ ಬಸ್ಸು ತಪ್ಪಿಸಿಕೊಂಡಿದ್ದಳು.

ಆ ಯಂತ್ರವನ್ನು ನೋಡಲು ಮಣಿಪಾಲದ ಅಂಗಡಿಯೊಂದರಿಂದ ಬಂದಿದ್ದ ಹುಡುಗ ಭೀಮೇಶ.

"ಕಾಯಿಲೆ ಎಂತದ್ದೂ ಇಲ್ಲ ಸರ್, ವಯಸ್ಸಾಗಿದೆ. ಹೊಸದು ತೆಗೊಳ್ಳಿ. ಅಥ್ಲಾನ್ ಪ್ರೊಸೆಸರ್ ಹಾಕಿ ಕೊಡ್ತೇನೆ, ಒಂದು ಪಾಯಿಂಟ್ ಮೂರು ಗಿಗಾಹರ್ಟ್ಸ್."

ಸರ್ವೋತ್ತಮಣ್ಣ ಹುಬ್ಬೇರಿಸಿದ. "ಉಡುಪಿಯ ಅಂಗಡಿಯವರು ಪೆಂಟಿಯಂ ಫೋರ್ ಕೊಡ್ತೇನೆ ಅಂತಾರೆ. ಅದು ಒಂದೂವರೆ! ಸಂಖ್ಯೆ ದೊಡ್ಡದಿದ್ದದ್ದು ಜೋರು ಅಲ್ವಾ ಮಾರಾಯ?"

ಭೀಮೇಶ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನನ್ನ ಅಪ್ಪ, ಅವ್ವ ಬಾಗಲಕೋಟೆಯ ಕಡೆಯಿಂದ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದವರು ಸರ್. ಅವ್ವ ಜಲ್ಲಿ ಹೊರುವಾಗ ಉಳಿದವರು ಓಡೋಡಿ ಹೋಗಿ ಬರ್ತಿದ್ದರು. ಅವ್ವ ನಿಧಾನ. ಆದರೆ ಅವಳ ಬುಟ್ಟಿ ಪ್ರತಿ ಸಲ ತುಂಬಿರ್ತಿತ್ತು. ಸಂಜೆಗೆ ಯಾರ ರಾಶಿ ದೊಡ್ಡದು ಅಂತ ನೋಡಬೇಕು, ಯಾರು ಎಷ್ಟು ಸಲ ಓಡಿದರು ಅಂತ ಅಲ್ಲ. ಪ್ರೊಸೆಸರ್ ಕೂಡ ಹಾಗೆಯೇ, ಗಿಗಾಹರ್ಟ್ಸ್ ಅಂದರೆ ಓಡಿದ ಲೆಕ್ಕ ಮಾತ್ರ."

ಕಂಪ್ಯೂಟರ್ ರಿಪೇರಿಗೆ ಬಂದವನ ಬಾಯಲ್ಲಿ ಅವ್ವನ ಬುಟ್ಟಿ! ನಾಚಿಕೆಯಿಲ್ಲ, ಅನುಕಂಪದ ಬೇಡಿಕೆಯೂ ಇಲ್ಲ. ಭವ್ಯಾಳ ಎದೆಯೊಳಗೆ ಏನೋ ಮೆತ್ತಗಾಯಿತು... ಇಂಥವನ ಮಾತು ಸುಳ್ಳಾಗಬಾರದು ಎಂದು ಅವಳಿಗೆ ಬಲವಾಗಿ ಅನ್ನಿಸಿತು.

"ಸರ್ವೋತ್ತಮಣ್ಣ, ಇವರು ಹೇಳುವುದರಲ್ಲಿ ಅರ್ಥ ಉಂಟು. ಎರಡನ್ನೂ ಇಲ್ಲಿಗೇ ತರಿಸಿ. ಒಂದೇ ಮದುವೆಯ ಅದೇ ಅರ್ಧ ಗಂಟೆಯನ್ನು ಎರಡರಲ್ಲೂ ಓಡಿಸುವ. ಯಾವುದು ಬೇಗ ಮುಗಿಸ್ತದೆ, ಅದನ್ನೇ ತೆಗೊಳ್ಳುವ."

ಸರ್ವೋತ್ತಮಣ್ಣ ಅವಳ ಅಮ್ಮನ ಸೋದರ ಸಂಬಂಧಿ. ಅವಳ ಮಾತನ್ನು ಸುಲಭವಾಗಿ ತಳ್ಳಿಹಾಕುವವನಲ್ಲ. "ಆಯ್ತು, ಶುಕ್ರವಾರ" ಎಂದ.

ಆ ಮೂರು ದಿನ ಭವ್ಯಾ ಏನೇನೋ ನೆಪ ಹುಡುಕಿ ಮಣಿಪಾಲಕ್ಕೆ ಫೋನ್ ಮಾಡಿದಳು. ರ‍್ಯಾಮ್ ಎಷ್ಟು? ಹಾರ್ಡ್‌ಡಿಸ್ಕ್ ಎರಡಕ್ಕೂ ಒಂದೇ ಉಂಟಲ್ಲ? ಪ್ರಶ್ನೆ ಕಂಪ್ಯೂಟರಿನದ್ದು, ಕಾತರ ಬೇರೆಯದ್ದು! ಅವನೂ ಎರಡು ನಿಮಿಷದ ಉತ್ತರಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ.

ಶುಕ್ರವಾರ ಬಂತು. ಉಡುಪಿಯ ಅಂಗಡಿಯ ಪ್ರತೀಕ್ ಪೆಂಟಿಯಂ ತಂದ, ಭೀಮೇಶ ಅಥ್ಲಾನ್ ತಂದ. ಸೆಖೆಗೆ ಇರಲಿ ಎಂದು ಎರಡರದ್ದೂ ಪಕ್ಕದ ಮುಚ್ಚಳ ತೆಗೆದಿಟ್ಟರು. ಎಲ್ಲರೂ ಚಹಾಕ್ಕೆ ಹೊರಗೆ ಹೋದಾಗ ಭವ್ಯಾ ಒಬ್ಬಳೇ ಉಳಿದಳು.

ಅವಳ ಮುಡಿಯಲ್ಲಿ ಅಮ್ಮ ಕಟ್ಟಿಕೊಟ್ಟ ಮಲ್ಲಿಗೆಯಿತ್ತು. ಮನೆಗೆ ಹೊಸತೇನು ಬಂದರೂ, ಮಿಕ್ಸಿಯಾಗಲಿ ಸೈಕಲ್ಲಾಗಲಿ, ಮೊದಲು ಒಂದು ತುಂಡು ಹೂ ಇಟ್ಟು ಕೈಮುಗಿಯುವುದು ಅವರ ರೂಢಿ. ಹಾಗಾದರೆ ಎರಡಕ್ಕೂ ಇಡಬೇಕಿತ್ತು, ನ್ಯಾಯವಾಗಿ...

ಅವಳು ಒಂದಕ್ಕೇ ಇಟ್ಟಳು.

ಅದೂ ಯಾರ ಕಣ್ಣಿಗೂ ಬೀಳದಂತೆ ಅಥ್ಲಾನಿನ ಒಳಗಡೆ, ತಗಡಿನ ಪಟ್ಟಿಗೆ ಸಿಕ್ಕಿಸಿದಳು. 'ದೇವರೇ, ಇದು ಗೆಲ್ಲಲಿ' ಎಂದು ಕಣ್ಣು ಮುಚ್ಚಿದಳು.

ಗಡಿಯಾರ ಹಿಡಿದು ಭವ್ಯಾ ಪರೀಕ್ಷೆ ಶುರು ಮಾಡಿದಳು. ಮೊದಲ ಹತ್ತು ನಿಮಿಷ ಅಥ್ಲಾನ್ ಮುಂದೆ! ಭವ್ಯಾ ಖುಷಿಯಲ್ಲಿ ಉಗುರು ಕಚ್ಚುತ್ತಿದ್ದಳು. ಹನ್ನೆರಡನೇ ನಿಮಿಷಕ್ಕೆ ಅದರ ಪರದೆ ತಟ್ಟನೆ ಕಪ್ಪಾಯಿತು.

ಪ್ರತೀಕ್ ನಕ್ಕ. ಭೀಮೇಶ ಬಗ್ಗಿ ಒಳಗೆ ನೋಡಿದ, ಕೈಹಾಕಿದ, ಏನನ್ನೋ ಮುಷ್ಟಿಯಲ್ಲಿ ಹಿಡಿದು ಕಿಸೆಗೆ ಹಾಕಿಕೊಂಡ. ಒಮ್ಮೆ ಭವ್ಯಾಳ ಮುಡಿಯತ್ತ ನೋಡಿ ತಲೆ ತಗ್ಗಿಸಿದ.

"ಪ್ರೊಸೆಸರಿನ ಫ್ಯಾನ್ ನಿಂತು ಬಿಸಿಯಾಗಿದೆ ಸರ್. ಜೋಡಿಸಿದ್ದು ನಾನು. ತಪ್ಪು ನನ್ನದೇ."

ಭವ್ಯಾಳ ಆಸೆಯೆಲ್ಲ ಮಣ್ಣುಪಾಲಾಗಿತ್ತು. ದುಃಖ ಸಿಟ್ಟಾಗಿ ಹೊರಬಂತು.

"ನಿಮ್ಮನ್ನು ನಂಬಿ ನಾನು ಎಲ್ಲರ ಎದುರು ಮಾತಾಡಿದ್ದು! ಒಂದು ಫ್ಯಾನ್ ಸರಿ ನೋಡಲಿಕ್ಕೆ ಆಗ್ಲಿಲ್ವಾ ನಿಮಗೆ? ಮಾತು ಮಾತ್ರ ದೊಡ್ಡದು!"

"ತಪ್ಪಾಯ್ತು ಮೇಡಂ" ಎಂದಷ್ಟೇ ಹೇಳಿ ಅವನು ಯಂತ್ರ ಎತ್ತಿಕೊಂಡು ಹೋದ.

ಸೋಮವಾರ ಪೆಂಟಿಯಂನ ಬೆಲೆ ಮಾತಾಡಲು ಬಂದ ಪ್ರತೀಕ್ ಸುದ್ದಿ ತಂದ. ಭೀಮೇಶನ ಸಾಹುಕಾರರು ಈ ತಿಂಗಳ ಕೊನೆಗೆ ಅವನನ್ನು ಕೆಲಸದಿಂದ ಬಿಡಿಸುತ್ತಾರಂತೆ. ಗಿರಾಕಿಯ ಎದುರು ಅಂಗಡಿಯ ಹೆಸರು ಕೆಡಿಸಿದವನು ಎಂದರಂತೆ.

'ಆಗಲಿ, ಬೇಜವಾಬ್ದಾರಿಗೆ ತಕ್ಕ ಶಾಸ್ತಿ' ಎಂದುಕೊಂಡಳು ಭವ್ಯಾ. ಕಣ್ಣು ಮಾತ್ರ ತುಂಬಿಕೊಂಡಿತು. ಅದನ್ನು ಮರೆಸಲು ಪೊರಕೆ ಹಿಡಿದು ಮೇಜಿನಡಿ ಗುಡಿಸಿದಳು. ಕಸದಲ್ಲಿ ಬಾಡಿದ ನಾಲ್ಕು ಮೊಗ್ಗು, ಒಂದು ತುಂಡು ಬಾಳೆನಾರು. ನಾರು ತಿರುಪುಗೊಂಡು ಸುರುಳಿಯಾಗಿತ್ತು, ಮೈಗೆಲ್ಲ ಫ್ಯಾನಿನ ಕಪ್ಪು ಜಿಡ್ಡು.

ಅಮ್ಮ ಹಾಕುವ ಗಂಟು ಅವಳಿಗೆ ಗೊತ್ತಿಲ್ಲವೇ?

ಪೊರಕೆ ಕೈಯಿಂದ ಜಾರಿತು. ಪಟ್ಟಿಯಿಂದ ಜಾರಿದ ಮಾಲೆಯ ನಾರು ಫ್ಯಾನಿಗೆ ಸುತ್ತಿಕೊಂಡಿತ್ತು. ಅವನನ್ನು ಗೆಲ್ಲಿಸಲು ಹೋಗಿ ಸೋಲಿಸಿದ್ದು ಅವಳೇ... ಅದು ಅವನಿಗೆ ಆ ಕ್ಷಣವೇ ತಿಳಿದಿತ್ತು!

ಮುಂದಿನ ಬಸ್ಸಿಗೇ ಮಣಿಪಾಲಕ್ಕೆ ಹೋದಳು. ಅಂಗಡಿಯ ಹಿಂದೆ ಖಾಲಿ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ ಭೀಮೇಶ ಅವಳನ್ನು ಕಂಡು ಗಾಬರಿಯಾದ.

"ಯಾಕೆ ಹೇಳ್ಲಿಲ್ಲ ನೀವು? ಯಾಕೆ?!"

"ಹೇಳಿದ್ದರೆ ಸರ್ವೋತ್ತಮಣ್ಣ ಕೇಳ್ತಿದ್ದರು, ಹೂ ಯಾರಿಟ್ಟದ್ದು, ಒಂದಕ್ಕೇ ಯಾಕೆ ಅಂತ. ನೀವು ಎಂತ ಉತ್ತರ ಕೊಡ್ತಿದ್ದಿರಿ?" ಅವನ ಧ್ವನಿ ಇಳಿಯಿತು. "ನಾವು ಘಟ್ಟದ ಮೇಲಿನ ಕೂಲಿಯವರು. ನನ್ನ ಹೆಸರಿನ ಜೊತೆ ನಿಮ್ಮ ಹೆಸರು ಸೇರಿದರೆ ಊರಲ್ಲಿ ತಲೆ ತಗ್ಗಿಸಬೇಕಾದದ್ದು ನೀವು. ಕೆಲಸ ಬೇರೆ ಸಿಗ್ತದೆ."

"ನನ್ನ ಮರ್ಯಾದೆಗೆ ನಿಮ್ಮ ಅನ್ನ ಬಿಡ್ತೀರಾ?" ಅವಳು ಅಳುತ್ತಲೇ ಗದರಿಸಿದಳು. "ಅದೇ ಕಂಪ್ಯೂಟರ್ ತನ್ನಿ. ನಾಳೆಯೇ!"

ಮರುದಿನ ಸ್ಟುಡಿಯೊದಲ್ಲಿ ಮತ್ತೆ ಅದೇ ನಾಲ್ವರು, ಅದೇ ಎರಡು ಯಂತ್ರ. ಭವ್ಯಾ ಸರ್ವೋತ್ತಮಣ್ಣನ ಎದುರು ಬಂದು ನಿಂತಳು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಶಂಕರಪುರ ತಲುಪಬಹುದು. ಸುಮ್ಮನಿದ್ದರೆ ಭೀಮೇಶನ ಕೆಲಸ ಹೋಗುತ್ತದೆ.

"ಸರ್ವೋತ್ತಮಣ್ಣ, ಆವತ್ತು ಫ್ಯಾನ್ ನಿಲ್ಲಿಸಿದ್ದು ನನ್ನ ಹೂವಿನ ನಾರು. ಇವರದ್ದು ಎಂತದ್ದೂ ತಪ್ಪಿಲ್ಲ. ನಾನು ಇವರ ಕಂಪ್ಯೂಟರಿಗೆ ಮಾತ್ರ ಹೂ ಇಟ್ಟಿದ್ದೆ."

"ಇವನದ್ದಕ್ಕೆ ಮಾತ್ರ ಯಾಕೆ ಮಾರಾಯ್ತಿ?"

ಭೀಮೇಶ ಬೇಡವೆಂಬಂತೆ ತಲೆಯಾಡಿಸಿದ. ಅವಳು ಅವನನ್ನೇ ನೋಡುತ್ತ ಹೇಳಿದಳು.

"ಯಾಕೆಂದರೆ ನನಗೆ ಇವರ ಮೇಲೆ ಪ್ರೀತಿ ಉಂಟು."

ಪ್ರತೀಕ್ ಕೆಮ್ಮಿದ. ಸರ್ವೋತ್ತಮಣ್ಣ ಕುರ್ಚಿಯಲ್ಲಿ ಕುಳಿತು, ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡ.

"ಹಾಗಾದರೆ ಗಡಿಯಾರ ನನ್ನ ಕೈಗೆ ಕೊಡು. ನಿನ್ನನ್ನು ಇನ್ನು ನಂಬಲಿಕ್ಕೆ ಇಲ್ಲ!"

ಈ ಸಲ ಎರಡೂ ಕೊನೆಯವರೆಗೆ ಓಡಿದವು. ಮಿಕ್ಸಿಂಗಿನಲ್ಲಿ ಅಥ್ಲಾನ್ ನಲವತ್ತು ಸೆಕೆಂಡು ಮೊದಲು ಮುಗಿಸಿತು. ಸಿ.ಡಿ.ಗೆ ಬದಲಾಯಿಸುವುದರಲ್ಲಿ ಪೆಂಟಿಯಂ ಇಪ್ಪತ್ತು ಸೆಕೆಂಡು ಮುಂದಿತ್ತು. ಸರ್ವೋತ್ತಮಣ್ಣ ಎರಡನ್ನೂ ಚೀಟಿಯಲ್ಲಿ ಬರೆದು, ಮಣಿಪಾಲದ ಅಂಗಡಿಗೆ ಫೋನ್ ಹಚ್ಚಿದ.

"ನಮಗೆ ಮಿಕ್ಸಿಂಗೇ ಮುಖ್ಯ. ಅಥ್ಲಾನ್ ಇಲ್ಲೇ ಇರಲಿ. ಮತ್ತೆ ಕೇಳಿ, ತಪ್ಪು ನಮ್ಮ ಕಡೆಯದ್ದು. ನಿಮ್ಮ ಹುಡುಗನನ್ನು ಬಿಡಿಸಿದರೆ ನನ್ನ ವ್ಯವಹಾರವೂ ಬಿಟ್ಟಿತು ಅಂತ ತಿಳ್ಕೊಳ್ಳಿ."

ಫೋನಿಟ್ಟು ಅವನು ಭವ್ಯಾಳತ್ತ ಬೆರಳು ತೋರಿಸಿದ. "ನಿನ್ನ ಅಮ್ಮನಿಗೆ ನೀನೇ ಹೇಳು. ನನಗೆ ಅವಳನ್ನು ಕಂಡರೆ ಹೆದರಿಕೆ." ಪ್ರತೀಕನನ್ನು ಚಹಾಕ್ಕೆ ಎಳೆದುಕೊಂಡು ಹೊರಟ.

ಇಬ್ಬರೇ ಉಳಿದರು. ಭೀಮೇಶನಿಗೆ ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ.

"ಅಷ್ಟು ಜನರ ಎದುರು ಹೇಳಿಬಿಟ್ಟಿರಲ್ಲ... ಭಯ ಆಗ್ಲಿಲ್ವಾ?"

"ಆಯ್ತು. ಈಗಲೂ ಆಗ್ತಾ ಉಂಟು. ನೀವು ಇನ್ನೂ ಎಂತದ್ದೂ ಹೇಳಲೇ ಇಲ್ಲ."

"ಹೇಳಿದ್ದೇನೆ... ಆದರೆ ಅವ್ವನ ಹತ್ತಿರ." ಅವನು ನೆಲ ನೋಡಿದ. "ಶುಕ್ರವಾರ ಬೈಸಿಕೊಂಡು ಮನೆಗೆ ಹೋದೆನಲ್ಲ, ಆಗ ಎಲ್ಲ ಹೇಳಿಬಿಟ್ಟೆ. ಕೆಲಸದ ಬಗ್ಗೆ ಅವಳು ಒಂದು ಮಾತೂ ಕೇಳ್ಲಿಲ್ಲ. ಆ ಹುಡುಗಿಯ ಹೆಸರೇನು ಅಂತ ಮಾತ್ರ ಕೇಳಿದಳು."

"ಎಂತ ಹೇಳಿದಿರಿ?"

"ಭವ್ಯಾ."

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

"ಕೇಳಿಸ್ಲಿಲ್ಲ" ಎಂದಳು, ಕಣ್ಣೀರಿನ ನಡುವೆ ನಗುತ್ತ.

ಅವನು ಹತ್ತಿರ ಬಂದ.

"ಭವ್ಯಾ..."